ಶಾಲೆಯ ಸುತ್ತ ನೂರು ಮೀಟರ್: ಮಾದಕಮುಕ್ತ ವಲಯ ಮಾಡುವುದು ಹೇಗೆ?

ಗೇಟಿನ ಪಕ್ಕ ಫಲಕ ನೆಟ್ಟು, ಫೋಟೊ ತೆಗೆಸಿಕೊಂಡು ‘ಮಾದಕಮುಕ್ತ ವಲಯ’ ಎಂದು ಘೋಷಿಸಿಬಿಡುವುದು ಸುಲಭ. ಆದರೆ ಎದುರಿನ ಗೂಡಂಗಡಿಯಲ್ಲಿ ಗುಟ್ಕಾ ಸರ ತೂಗುತ್ತಲೇ ಇರುತ್ತದೆ. ಹೆಚ್ಚಿನ ಕಡೆ ಕೆಲಸ ಕೆಡುವುದು ಅಳತೆಯಲ್ಲಿ.

ಮೊದಲು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆ ಕರೆದು ಏಳೆಂಟು ಜನರ ಸಮಿತಿ ಮಾಡಿ: ಮುಖ್ಯಶಿಕ್ಷಕರು, ಇಬ್ಬರು ಪೋಷಕರು, ಪಿಡಿಒ ಅಥವಾ ವಾರ್ಡ್ ಸದಸ್ಯರು, ಬೀಟ್ ಪೊಲೀಸ್, ಆಶಾ ಕಾರ್ಯಕರ್ತೆ. ಜತೆಗೆ ಅಂಗಡಿಯವರಲ್ಲಿ ಒಬ್ಬರು ಇರಲೇಬೇಕು. ಅವರನ್ನು ಹೊರಗಿಟ್ಟರೆ ಮೊದಲ ದಿನವೇ ಜಗಳ ಶುರು.

ಇನ್ನು ಅಳತೆ. ಶಾಲೆಯ ಸುತ್ತ ತಂಬಾಕು ಮಾರಾಟ ನಿಷೇಧಿಸುವ 2003ರ ಕೋಟ್ಪಾ (ತಂಬಾಕು ನಿಯಂತ್ರಣ) ಕಾಯ್ದೆ ಹೇಳುವುದು 100 ಗಜ, ಅಂದರೆ 91.44 ಮೀಟರ್. 2025ರ ಮೇ ಕೊನೆಗೆ ಜಾರಿಯಾದ ಕರ್ನಾಟಕದ ತಿದ್ದುಪಡಿ ಅದನ್ನು 100 ಮೀಟರ್ ಮಾಡಿದೆ. ಖರೀದಿಯ ವಯಸ್ಸು 18ರಿಂದ 21ಕ್ಕೆ, ದಂಡ ₹200ರಿಂದ ₹1,000ಕ್ಕೆ ಏರಿದೆ. ಬಿಡಿ ಸಿಗರೇಟ್ ಮಾರುವಂತೆಯೂ ಇಲ್ಲ. ಹಳೆಯ ಫಲಕವಿದ್ದರೆ ಹೊಸದಾಗಿ ಬರೆಸಿ. ತಪ್ಪು ಅಂಕಿ ಬರೆದ ಫಲಕ ಅಂಗಡಿಯವರ ಕೈಗೆ ವಾದ ಕೊಡುತ್ತದೆ.

ಟೇಪನ್ನು ಗೇಟಿನಿಂದ ರಸ್ತೆಗುಂಟ ಎಳೆಯುವುದು ಎಲ್ಲೆಡೆ ಕಾಣುವ ತಪ್ಪು. ತಂಬಾಕಿನ ಅಂತರವನ್ನು ಕಾಂಪೌಂಡಿನ ಹೊರ ಅಂಚಿನಿಂದ ನೇರ ಗೆರೆಯಲ್ಲಿ ಅಳೆಯಬೇಕು. ರಸ್ತೆ ಎಷ್ಟು ತಿರುಗಿದರೂ ಲೆಕ್ಕಕ್ಕಿಲ್ಲ. ಹಿಂದಿನ ಓಣಿಯ ಅಂಗಡಿ ಗೇಟಿನಿಂದ ನಡೆದರೆ 250 ಮೀಟರ್ ಇದ್ದರೂ ಹಿಂಗೋಡೆಯಿಂದ 40 ಮೀಟರ್ ಇರಬಹುದು. ಅದು ವಲಯದೊಳಗಿನ ಅಂಗಡಿಯೇ. ನಡುವೆ ಮನೆಗಳಿದ್ದು ಟೇಪ್ ಹೋಗದಿದ್ದರೆ ಮೊಬೈಲ್ ಮ್ಯಾಪಿನ ದೂರ ಅಳೆಯುವ ಸೌಲಭ್ಯ ಬಳಸಿ. ಕಾಂಪೌಂಡಿನ ಪ್ರತಿ ಮೂಲೆಯಿಂದಲೂ, ಉದ್ದ ಗೋಡೆಯಾದರೆ ನಡುವಿನಿಂದಲೂ ಗುರುತು ಹಾಕಿ. ಅಂಚಿನಲ್ಲಿ ಸಿಕ್ಕ ಅಂಗಡಿಗಳನ್ನು ಮಾತ್ರ 30 ಮೀಟರ್ ಟೇಪಿನಲ್ಲಿ, ಅಂಗಡಿಯವರ ಎದುರೇ ಮತ್ತೆ ಅಳೆಯಿರಿ. ಹೆಜ್ಜೆ ಎಣಿಸುವ ಅಡ್ಡದಾರಿ ಬೇಡ.

ಮದ್ಯದಂಗಡಿಗೆ ಈ ಲೆಕ್ಕ ಹಾಕಬೇಡಿ. ಅಬಕಾರಿ ನಿಯಮದಲ್ಲೂ 100 ಮೀಟರ್ ಇದೆ. ಆದರೆ ಅಲ್ಲಿ ಅಳತೆ ಅಂಗಡಿಯ ಬಾಗಿಲಿನ ಮಧ್ಯದಿಂದ, ಜನ ನಡೆದು ಬರುವ ಹತ್ತಿರದ ದಾರಿಯಲ್ಲಿ, ಶಾಲೆಯ ಗೇಟಿನ ಮಧ್ಯದವರೆಗೆ. ಎರಡನ್ನೂ ಬೆರೆಸಿ ಕೊಟ್ಟ ದೂರು ನಿಲ್ಲುವುದಿಲ್ಲ.

ರಸ್ತೆ ನಿಮ್ಮದಲ್ಲ, ಹಾಗಾಗಿ ವಲಯದ ಅಂಚು ತೋರಿಸುವ ಹಳದಿ ಗೆರೆಗೆ ಪಂಚಾಯಿತಿ ಅಥವಾ ಲೋಕೋಪಯೋಗಿ ಇಲಾಖೆಯ ಅನುಮತಿ ಪಡೆಯಿರಿ. ಗೇಟಿಗೆ ಬಳಿದು ಉಳಿದ ಎನಾಮೆಲ್ ಬಣ್ಣ ಬೇಡ, ಒಂದು ಮಳೆಗಾಲಕ್ಕೆ ಎದ್ದುಹೋಗುತ್ತದೆ. ರಸ್ತೆ ಗುರುತಿನ ಬಣ್ಣವನ್ನೇ ತನ್ನಿ. ಮಳೆ ಮುಗಿದ ಮೇಲೆ, ಧೂಳು ಗುಡಿಸಿ, ಒಣ ಡಾಂಬರಿನ ಮೇಲೆ ಎರಡು ಕೋಟ್.

ಅಂಗಡಿಯವರಿಗೆ ಲಿಖಿತ ತಿಳಿವಳಿಕೆ ಕೊಟ್ಟು, ಸ್ಟಾಕ್ ಹಿಂತಿರುಗಿಸಲು ಹದಿನೈದು ದಿನ ಬಿಡಿ. ಕಂಪನಿಯವರು ಪುಕ್ಕಟೆ ಕೊಟ್ಟ ಜಾಹೀರಾತು ಬೋರ್ಡು ಮಾತ್ರ ಅಂದೇ ಇಳಿಯಬೇಕು. ಪೆನ್ನು, ನೋಟ್‌ಬುಕ್, ಬನ್ನು ಮಾರಿ ಬದುಕಬಹುದೆಂದು ಬರೀ ಬಾಯಲ್ಲಿ ಹೇಳಿದರೆ ಸಾಲದು. ಶಾಲೆಗೆ ಬೇಕಾದ ಸಾಮಾನನ್ನು ಅವರಲ್ಲೇ ಕೊಳ್ಳಿ. ಆಮೇಲೂ ಮಾರಿದರೆ ಜಿಲ್ಲಾ ತಂಬಾಕು ನಿಯಂತ್ರಣ ಕೋಶಕ್ಕೆ ಬರೆಯಿರಿ. ಮಗುವಿಗೆ ತಂಬಾಕು, ಮದ್ಯ ಅಥವಾ ಮಾದಕ ವಸ್ತು ಕೊಟ್ಟವರಿಗೆ ಬಾಲನ್ಯಾಯ ಕಾಯ್ದೆಯ 77ನೇ ಕಲಮಿನಡಿ ಏಳು ವರ್ಷದವರೆಗೆ ಕಠಿಣ ಶಿಕ್ಷೆ, ಒಂದು ಲಕ್ಷದವರೆಗೆ ದಂಡ ಇದೆ. ಇದು ಬಹಳ ಅಂಗಡಿಯವರಿಗೆ ಗೊತ್ತೇ ಇಲ್ಲ, ನೋಟಿಸಿನಲ್ಲಿ ಬರೆಯಿರಿ.

ಔಷಧ ಅಂಗಡಿಗೂ ಹೋಗಿ. ಅಲ್ಪ್ರಜೋಲಾಮ್ (ಆತಂಕ ತಗ್ಗಿಸುವ ಮಾತ್ರೆ), ಟ್ರಮಡಾಲ್‌ನಂಥ (ನೋವಿನ ಮಾತ್ರೆ) ಎಚ್1 ಪಟ್ಟಿಯ, ಅಂದರೆ ಬಿಗಿ ನಿಯಂತ್ರಣವಿರುವ ಮಾತ್ರೆಗಳಿಗೆ ವೈದ್ಯರ ಚೀಟಿ ಬೇಕು. ಯಾರಿಗೆ, ಎಷ್ಟು ಕೊಟ್ಟರೆಂದು ಬರೆದ ಪ್ರತ್ಯೇಕ ಪುಸ್ತಕ ಮೂರು ವರ್ಷ ಇರಬೇಕು. ಅದನ್ನು ತೆರೆದು ನೋಡುವ ಅಧಿಕಾರ ನಿಮ್ಮದಲ್ಲ, ಔಷಧ ನಿರೀಕ್ಷಕರದು. ಪಂಕ್ಚರ್ ಅಂಗಡಿಯಲ್ಲಿ ಮಕ್ಕಳ ಕೈಗೆ ಸಲ್ಯೂಷನ್ (ನಶೆಗಾಗಿ ಮೂಸುವ ಟ್ಯೂಬಿನ ಅಂಟು) ಕೊಡಬೇಡಿ ಎಂದು ಹೇಳಿಬನ್ನಿ.

ಗಾಂಜಾ ಪೊಟ್ಟಣ ಕಂಡರೆ ಮುಟ್ಟಬೇಡಿ. ಯಾರ ಜೇಬನ್ನೂ ತಡಕಬೇಡಿ. ನೀವು ಎತ್ತಿಟ್ಟ ಪೊಟ್ಟಣ ಪಂಚನಾಮೆಯನ್ನು ದುರ್ಬಲಗೊಳಿಸುತ್ತದೆ. 112ಕ್ಕೆ, ಇಲ್ಲವೇ ಮಾದಕ ವಸ್ತು ನಿಯಂತ್ರಣ ಸಂಸ್ಥೆಯ 1933ಕ್ಕೆ ಕರೆ ಮಾಡಿ. ಮಕ್ಕಳನ್ನು ಗೂಢಚಾರರಾಗಿಸುವುದು, ಅವರನ್ನು ಗಿರಾಕಿಯಂತೆ ಅಂಗಡಿಗೆ ಕಳಿಸುವುದು ಕೂಡದೇ ಕೂಡದು. ಫಲಕದಲ್ಲಿ ವಿದ್ಯಾರ್ಥಿಯ ಹೆಸರು, ನಂಬರ್ ಹಾಕಬೇಡಿ. ಮಾರುವವನಿಗೆ ಆ ಮಗುವಿನ ಮನೆ ಗೊತ್ತಿರುತ್ತದೆ.

ನಿಜವಾದ ತೊಂದರೆ ಇರುವುದು ಸಂಜೆ ಶಾಲೆ ಬಿಟ್ಟ ಮೇಲೆ, ಭಾನುವಾರ. ಕಾಂಪೌಂಡಿನ ಕಿಂಡಿ ಮುಚ್ಚಿಸಿ, ಶೌಚಾಲಯದ ಹಿಂಬದಿಗೆ ಒಂದು ದೀಪ ಹಾಕಿಸಿ, ಮೈದಾನದಲ್ಲಿ ಊರಿನ ಹುಡುಗರಿಗೆ ಕಬಡ್ಡಿ ಆಡಲು ಬಿಡಿ. ಜನ ಓಡಾಡುವ ಜಾಗದಲ್ಲಿ ಗುಂಪು ಕೂರುವುದಿಲ್ಲ.

ಸಿಕ್ಕಿಬಿದ್ದ ವಿದ್ಯಾರ್ಥಿಗೆ ಟಿ.ಸಿ. ಕೊಟ್ಟು ಕಳಿಸುವುದು ತೀರ ಕೆಟ್ಟ ದಾರಿ. ಶಾಲೆಯಿಂದ ಹೊರಬಿದ್ದ ಮಗು ಮಾರುವವನ ಕೈಗೇ ಸಿಗುತ್ತದೆ. ಪೋಷಕರನ್ನು ಪ್ರತ್ಯೇಕವಾಗಿ ಕೂರಿಸಿಕೊಂಡು ಮಾತಾಡಿ, ವ್ಯಸನಮುಕ್ತಿ ಸಹಾಯವಾಣಿ 14446 ಅಥವಾ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಕರೆ ಮಾಡಿಸಿ, ಜಿಲ್ಲಾಸ್ಪತ್ರೆಯ ಮನೋವೈದ್ಯರ ಬಳಿ ಕಳಿಸಿ. ಆ ವಿಷಯ ಸಮಿತಿಯ ನಡಾವಳಿಯಲ್ಲಿ ಬರಬಾರದು.

ಜೂನ್‌ನಲ್ಲಿ ಒಮ್ಮೆ, ದಸರಾ ರಜೆ ಮುಗಿದ ಮೇಲೆ ಒಮ್ಮೆ ಸಮಿತಿ ವಲಯ ಸುತ್ತಿಬರಲಿ. ಅಂಗಡಿ ಕೈ ಬದಲಾಗುವುದು ಈ ರಜೆಗಳಲ್ಲೇ. ಹೊಸಬರಿಗೆ ಅಂದೇ ನೋಟಿಸ್ ಕೊಟ್ಟು ಸಹಿ ಪಡೆಯಿರಿ.