ಮದುವೆ ತೋರಿಸದ ಮದುವೆ ಸಿನಿಮಾಗಳು

ತುಮಕೂರಿನಲ್ಲಿ ಮದುವೆ ಫೋಟೊ, ವಿಡಿಯೋ ಮಾಡುವುದು ನನ್ನ ಕಸುಬು. ಜಪಾನಿನ ನಿರ್ದೇಶಕ ಯಸುಜಿರೊ ಓಜು ಅವರ ಸಿನಿಮಾಗಳ ಹುಚ್ಚು ನನಗೆ ಹತ್ತಿದ್ದು ಒಂದು ಲೆನ್ಸಿನಿಂದ. ನಮ್ಮ ಕೆಲಸದವರ ಬ್ಯಾಗಿನಲ್ಲೆಲ್ಲ ಒಂದು ಫಿಫ್ಟಿ ಎಂಎಂ ಇದ್ದೇ ಇರುತ್ತದೆ. ಬೆಲೆ ಕಡಿಮೆ, ಮಬ್ಬು ಬೆಳಕಿನಲ್ಲೂ ಚೆನ್ನಾಗಿ ಬರುತ್ತದೆ. ಆದರೆ ಛತ್ರದ ನೂಕುನುಗ್ಗಲಿನಲ್ಲಿ ಅದನ್ನು ಹೊರಗೆ ತೆಗೆಯುವುದೇ ಅಪರೂಪ. ಅದರಲ್ಲಿ ಕಾಣುವುದೇ ಸ್ವಲ್ಪ ಜಾಗ, ಎಲ್ಲರೂ ಬರಬೇಕೆಂದರೆ ಹಿಂದೆ ಸರಿಯಬೇಕು. ಸರಿಯಲು ಜಾಗ ಎಲ್ಲಿರುತ್ತೆ? ಇದನ್ನೇ ಗೊಣಗುತ್ತಿದ್ದಾಗ ನನಗಿಂತ ಹಿರಿಯ ಕ್ಯಾಮೆರಾಮನ್ ಒಬ್ಬರು, "ಆ ಲೆನ್ಸ್ ಒಂದನ್ನೇ ಇಟ್ಟುಕೊಂಡು ಮನೆಯೊಳಗೆ ಸಿನಿಮಾ ತೆಗೆದ ಮನುಷ್ಯ ಇದ್ದ ಕಣಯ್ಯ, ಹೋಗಿ ನೋಡು" ಅಂದರು. ಹೋಗಿ ನೋಡಿದೆ.

ಓಜು ಹುಟ್ಟಿದ್ದು 1903ರ ಡಿಸೆಂಬರ್ 12ರಂದು. ತೀರಿಕೊಂಡಿದ್ದು 1963ರ ಡಿಸೆಂಬರ್ 12ರಂದು. ಸರಿಯಾಗಿ ಅರವತ್ತು ವರ್ಷ. ಮದುವೆಯಾಗಲಿಲ್ಲ, ತಾಯಿಯ ಜೊತೆಗೇ ಇದ್ದರು. ಐವತ್ತಕ್ಕೂ ಜಾಸ್ತಿ ಸಿನಿಮಾ ಮಾಡಿದರು. ಕೊನೆಕೊನೆಯ ಚಿತ್ರಗಳಲ್ಲಿ ಎಷ್ಟೋ ಒಂದೇ ಕಥೆಯವು: ಮಗಳಿಗೆ ಮದುವೆ ವಯಸ್ಸು ದಾಟುತ್ತಿದೆ, ಗಂಡು ನೋಡಬೇಕು, ಅವಳು ಹೊರಟುಹೋದರೆ ಮನೆಯಲ್ಲಿ ಅಪ್ಪನೋ ಅಮ್ಮನೋ ಒಂಟಿ. ಅಷ್ಟೇ ಕಥೆ. "ಇದನ್ನ ನೋಡೋಕೆ ಜಪಾನಿಗೆ ಹೋಗಬೇಕಾ, ನಮ್ಮ ಬೀದಿಯಲ್ಲೇ ಇದೆ" ಅಂದಳು ನನ್ನ ಹೆಂಡತಿ.

ಎಲ್ಲರೂ ಶುರು ಮಾಡಿ ಅನ್ನುವುದು 1953ರ ಟೋಕಿಯೊ ಸ್ಟೋರಿಯಿಂದ. 2012ರಲ್ಲಿ ಬ್ರಿಟನ್ನಿನ ಸಿನಿಮಾ ಪತ್ರಿಕೆ ಸೈಟ್ ಅಂಡ್ ಸೌಂಡ್, ಎಲ್ಲ ಕಾಲದ ಶ್ರೇಷ್ಠ ಚಿತ್ರ ಯಾವುದು ಅಂತ ಜಗತ್ತಿನ ನಿರ್ದೇಶಕರ ಮತ ಕೇಳಿದಾಗ ಮೊದಲ ಸ್ಥಾನ ಬಂದಿದ್ದು ಅದಕ್ಕೇ. ಆದರೂ ನಾನು ಯಾರಿಗೂ ಅದನ್ನು ಮೊದಲು ಹಾಕುವುದಿಲ್ಲ. ದೊಡ್ಡ ಹೆಸರು ಕೇಳಿ ಬಂದವರು ಎರಡು ಗಂಟೆ ಭಯಭಕ್ತಿಯಿಂದ ಕೂತು, ಎದ್ದು ಹೋಗುತ್ತಾರೆ. ಮತ್ತೆ ಬರುವುದಿಲ್ಲ. ನಾನು ಹಾಕುವುದು 1959ರ ಗುಡ್ ಮಾರ್ನಿಂಗ್. ಅದರಲ್ಲಿ ಇಬ್ಬರು ಹುಡುಗರು ಟಿವಿ ಬೇಕು ಅಂತ ಹಟ ಹಿಡಿಯುತ್ತಾರೆ. ಅಪ್ಪ ಬೈದಿದ್ದಕ್ಕೆ ಯಾರ ಜೊತೆಗೂ ಮಾತೇ ಆಡಲ್ಲ ಅಂತ ಮುಷ್ಕರ ಹೂಡುತ್ತಾರೆ. ಹುಡುಗರು ಹೂಸು ಬಿಡುವ ಪಂದ್ಯ ಬೇರೆ ಇದೆ. ಸ್ಟುಡಿಯೋ ಹಿಂದಿನ ರೂಮಿನ ಗೋಡೆಗೆ ಪ್ರೊಜೆಕ್ಟರ್ ಹಾಕಿದ ದಿನ ಮಕ್ಕಳು ನಕ್ಕಿದ್ದು ನಕ್ಕಿದ್ದೇ. ದೊಡ್ಡ ನಿರ್ದೇಶಕರ ಸಿನಿಮಾ ಅಂತ ಯಾರೂ ಅವರಿಗೆ ಹೇಳಿರಲಿಲ್ಲ.

ನನ್ನ ಕಣ್ಣು ಮಾತ್ರ ಕೆಂಪಿನ ಹಿಂದೆ ಹೋಗಿತ್ತು. ಓಜು ಬಣ್ಣಕ್ಕೆ ಬಂದಿದ್ದು ತಡವಾಗಿ, 1958ರ ಈಕ್ವಿನಾಕ್ಸ್ ಫ್ಲವರ್‌ನಲ್ಲಿ. ಬಣ್ಣದ ಚಿತ್ರ ಮಾಡಿದ್ದೇ ಒಟ್ಟು ಆರು. ಕೆಂಪು ಚೆನ್ನಾಗಿ ಬರುತ್ತದೆ ಅಂತಲೇ ಅಗ್ಫಾ ಫಿಲ್ಮ್ ಆರಿಸಿಕೊಂಡರು. ಆ ಮೊದಲ ಬಣ್ಣದ ಚಿತ್ರದಲ್ಲಿ ಒಂದು ಕೆಂಪು ಕೆಟಲ್ ಇದೆ. ಮನೆಯ ಯಾವ ಮೂಲೆ ತೋರಿಸಿದರೂ ಎಲ್ಲೋ ಕಾಣಿಸಿಕೊಳ್ಳುತ್ತದೆ. ಚೌಕಟ್ಟು ಕೂಡಿಬರಬೇಕು ಅಂತ ಒಂದು ಶಾಟ್‌ನಿಂದ ಇನ್ನೊಂದಕ್ಕೆ ಸಾಮಾನುಗಳನ್ನು ಅತ್ತಿತ್ತ ಸರಿಸುವುದು ಓಜುಗೆ ಅಭ್ಯಾಸ. ಕಂಟಿನ್ಯುಟಿ, ಅಂದರೆ ಒಂದು ಶಾಟ್‌ನಲ್ಲಿದ್ದ ಸಾಮಾನು ಮುಂದಿನದರಲ್ಲೂ ಅಲ್ಲೇ ಇರಬೇಕು ಅನ್ನುವುದು, ತಪ್ಪಿದರೂ ಪರವಾಗಿಲ್ಲ, ಚೌಕಟ್ಟು ತಪ್ಪಬಾರದು. ಅದಕ್ಕೇ ನಾನು ಹೊಸಬರಿಗೆ ಹೇಳುವುದು: ಕಥೆ ಎಲ್ಲಿಗೂ ಓಡಿ ಹೋಗಲ್ಲ, ಒಂದು ವಸ್ತು ಹಿಡಿದುಕೊಂಡು ಅದರ ಹಿಂದೆ ಹೋಗಿ. ಕೆಟಲ್, ಬಾಟಲಿ, ಒಣಗಿಹಾಕಿದ ಬಟ್ಟೆ, ಯಾವುದಾದರೂ ಸರಿ.

ಇನ್ನು ಕ್ಯಾಮೆರಾದ ಎತ್ತರ. ಓಜು ಕ್ಯಾಮೆರಾ ನೆಲಕ್ಕೆ ಹತ್ತಿರ ಇರುತ್ತದೆ, ಚಾಪೆ ಮೇಲೆ ಕೂತವರ ಕಣ್ಣಿಗಿಂತಲೂ ಸ್ವಲ್ಪ ಕೆಳಗೆ. ಅಲುಗಾಡುವುದು ತೀರಾ ಕಡಿಮೆ, ಬಣ್ಣದ ಚಿತ್ರಗಳಲ್ಲಂತೂ ಇಲ್ಲವೇ ಇಲ್ಲ. ಅವರ ಛಾಯಾಗ್ರಾಹಕ ಯುಹಾರು ಅತ್ಸುತಾ ಆ ಕುಳ್ಳು ಸ್ಟ್ಯಾಂಡಿನ ಹತ್ತಿರ ಕೂತು ಎಲ್ಲ ತೋರಿಸುವುದನ್ನು ಜರ್ಮನ್ ನಿರ್ದೇಶಕ ವಿಮ್ ವೆಂಡರ್ಸ್ ಅವರ 1985ರ ಟೋಕಿಯೊ-ಗಾ ಸಾಕ್ಷ್ಯಚಿತ್ರದಲ್ಲಿ ನೋಡಬಹುದು. ನನಗೆ ನೋಡಿದ್ದು ಸಾಲಲಿಲ್ಲ. ಗುಬ್ಬಿ ಹತ್ತಿರ ನಮ್ಮ ಅಮ್ಮನ ತವರು, ಹಳೇ ಮನೆ. ಅಲ್ಲಿಗೆ ಹೋಗಿ ನಡುಮನೆಯ ನೆಲದ ಮೇಲೆ ಕ್ಯಾಮೆರಾ ಇಟ್ಟೆ. ಫಿಫ್ಟಿ ಹಾಕಿದೆ.

ಮೊದಲು ಪ್ಲಾಸ್ಟಿಕ್ ಕುರ್ಚಿಗಳನ್ನು ಹೊರಗೆ ಹಾಕಬೇಕಾಯಿತು. ಆ ಎತ್ತರಕ್ಕೆ ಕುರ್ಚಿ ಕಾಲುಗಳೇ ಕಾಣುತ್ತವೆ. ಆಮೇಲೆ ಅತ್ತೆಯನ್ನು ಚಾಪೆ ಮೇಲೆ ಕೂರಿಸಿ ಅವರೆಕಾಯಿ ಸುಲಿಯಲು ಹೇಳಿದೆ. ಅವರ ಹಿಂದೆ ಅಡುಗೆಮನೆ ಬಾಗಿಲು, ಅದರಾಚೆ ಹಿತ್ತಿಲ ಬಾಗಿಲು, ಎಲ್ಲ ಒಂದೇ ಸಾಲಿನಲ್ಲಿ ಬಂತು. ವೈಡ್ ಲೆನ್ಸಿನಲ್ಲಿ ಬಾಗುವ ಬಾಗಿಲ ಚೌಕಟ್ಟು ಇಲ್ಲಿ ನೆಟ್ಟಗೆ ನಿಂತಿತ್ತು. ಲೆನ್ಸಿಗೆ ಜಾಗ ಎಲ್ಲಿಂದ ಅನ್ನುವ ನನ್ನ ಪ್ರಶ್ನೆಗೂ ಅಲ್ಲೇ ಉತ್ತರ ಸಿಕ್ಕಿತು. ಒಂದು ಕೋಣೆಯಲ್ಲಿ ನಿಂತು ಆಚೆ ಕೋಣೆಯನ್ನು ನೋಡಬೇಕು. ಓಜು ಚಿತ್ರಗಳಲ್ಲಿ ಜಾರುಬಾಗಿಲು ಸರಿಸಿ ಸರಿಸಿ ಮಾಡುವುದು ಇದನ್ನೇ. ಹೆಚ್ಚಿನ ಮನೆಗಳು ಸ್ಟುಡಿಯೋ ಸೆಟ್ ಅನ್ನುವುದೂ ನಿಜ. ಆದರೆ ಆ ಸೌಲಭ್ಯ ಇದ್ದವರೆಲ್ಲ ಹೀಗೆ ತೆಗೆದಿಲ್ಲವಲ್ಲ.

ಮಾತಿನ ದೃಶ್ಯಗಳಿಗೆ ಒಗ್ಗಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ನಮ್ಮ ಸಿನಿಮಾಗಳಲ್ಲಿ ಒಬ್ಬರ ಭುಜದ ಮೇಲಿಂದ ಇನ್ನೊಬ್ಬರನ್ನು ತೋರಿಸುತ್ತಾರೆ. ಓಜು ಪಾತ್ರಗಳು ಹೆಚ್ಚುಕಡಿಮೆ ನೇರ ಲೆನ್ಸಿಗೇ ಮಾತಾಡುತ್ತವೆ. ಅಮ್ಮ ಮಾತ್ರ ಅಲ್ಲೇ ಗೆದ್ದಳು. "ಅವನು ನನ್ನನ್ನೇ ಕೇಳ್ತಿದಾನೆ" ಅಂತ ಪರದೆಗೆ ಉತ್ತರ ಕೊಡಲು ಶುರು ಮಾಡಿದಳು. ಅವಳಿಗೆ ಇಂಗ್ಲಿಷ್ ಸಬ್‌ಟೈಟಲ್ ಓದಲು ಬರುವುದಿಲ್ಲ. ನಾನು ಮೊದಲೇ ಒಂದು ಸಲ ನೋಡಿಕೊಂಡು, ಆಮೇಲೆ ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತಾ ಹೋಗುತ್ತೇನೆ. ಒಂದೇ ನಿಯಮ: ದೃಶ್ಯಗಳ ನಡುವೆ ಯಾರೂ ಇಲ್ಲದ ಶಾಟ್‌ಗಳು ಬರುತ್ತವಲ್ಲ, ಖಾಲಿ ಕಾರಿಡಾರು, ಚಿಮಣಿ, ಬಾರಿನ ಬೋರ್ಡು, ಆಗ ಮಾತಾಡುವಂತಿಲ್ಲ. ಸ್ನೇಹಿತರು ಜೇಬಿನಿಂದ ಫೋನ್ ತೆಗೆಯುವುದೂ ಸರಿಯಾಗಿ ಆ ಶಾಟ್‌ಗಳಲ್ಲೇ. ಹಾಗಾಗಿ ಫೋನುಗಳು ಈಗ ಹೊರಗಿನ ಕೌಂಟರ್ ಮೇಲೆ.

ನನ್ನನ್ನು ನಿಜವಾಗಿ ಅಲ್ಲಾಡಿಸಿದ್ದು 1949ರ ಲೇಟ್ ಸ್ಪ್ರಿಂಗ್. ಕಾಮಾಕುರಾದಲ್ಲಿ ಪ್ರೊಫೆಸರ್ ಅಪ್ಪ, ಮಗಳು ನೊರಿಕೊ. ಅಪ್ಪನಾಗಿ ಚಿಶು ರ್ಯೂ, ಮಗಳಾಗಿ ಸೆತ್ಸುಕೊ ಹಾರಾ. ಮಗಳಿಗೆ ಅಪ್ಪನನ್ನು ಬಿಟ್ಟು ಹೋಗಲು ಮನಸ್ಸಿಲ್ಲ. ತಾನೇ ಇನ್ನೊಂದು ಮದುವೆ ಆಗುತ್ತೇನೆ ಅಂತ ಅಪ್ಪ ಸುಳ್ಳು ಹೇಳಿ ಅವಳನ್ನು ಒಪ್ಪಿಸುತ್ತಾನೆ. ಗಂಡು ಹೇಗಿದ್ದಾನೆ? ಹಾಲಿವುಡ್‌ನ ಗ್ಯಾರಿ ಕೂಪರ್ ಥರ ಇದ್ದಾನಂತೆ. ಅಷ್ಟೇ, ನಮಗೆ ಅವನ ಮುಖ ಒಮ್ಮೆಯೂ ಕಾಣುವುದಿಲ್ಲ. ಮದುವೆ ದಿನ ಸಿಂಗಾರವಾದ ಮಗಳು ಅಪ್ಪನಿಗೆ ತಲೆಬಾಗಿ ನಮಸ್ಕರಿಸುತ್ತಾಳೆ. ಎಲ್ಲರೂ ಹೊರಡುತ್ತಾರೆ. ಕ್ಯಾಮೆರಾ ಮಾತ್ರ ಮೇಲಿನ ಕೋಣೆಯಲ್ಲೇ ಉಳಿಯುತ್ತದೆ. ಕನ್ನಡಿ ಇದೆ, ಎದುರಿಗೆ ಯಾರೂ ಇಲ್ಲ. ಮುಂದಿನ ದೃಶ್ಯದಲ್ಲಿ ಮದುವೆ ಮುಗಿದಿದೆ, ಅಪ್ಪ ಬಾರಿನಲ್ಲಿ ಮಗಳ ಗೆಳತಿಯ ಜೊತೆ ಕೂತಿದ್ದಾನೆ.

ನನ್ನ ಅನ್ನ ಇರುವುದೇ ಇವರು ಕತ್ತರಿಸಿ ಬಿಸಾಕಿದ ಆ ಭಾಗದಲ್ಲಿ! ಧಾರೆ, ಮಾಂಗಲ್ಯ, ಆರತಕ್ಷತೆ. ಹೆಣ್ಣು ಒಪ್ಪಿಸುವ ಶಾಸ್ತ್ರಕ್ಕೆ ನಾವು ಮೂರು ಕ್ಯಾಮೆರಾ ಇಟ್ಟು, ತಾಯಿ ಕಣ್ಣೀರಿಗೆ ಜೂಮ್ ಮಾಡಿ, ಎಡಿಟ್‌ನಲ್ಲಿ ಸ್ಲೋ ಮೋಷನ್ ಹಾಕಿ, ಮೇಲೊಂದು ದುಃಖದ ಹಾಡು ಸುರಿಯುತ್ತೇವೆ. ಓಜು ಅಳುವುದನ್ನೂ ತೋರಿಸಲಿಲ್ಲ. ಕೊನೆಗೆ ಅಪ್ಪ ಮನೆಗೆ ಬಂದು ಒಬ್ಬನೇ ಸೇಬಿನ ಸಿಪ್ಪೆ ತೆಗೆಯುತ್ತಾನೆ. ಕೈ ನಿಲ್ಲುತ್ತದೆ, ತಲೆ ಬಾಗುತ್ತದೆ.

ಇದೇ ಗುಂಗಿನಲ್ಲಿ ಒಂದು ಮದುವೆಯಲ್ಲಿ, ಹುಡುಗಿ ಹೊರಟ ಮೇಲೆ ಅವಳ ಕೋಣೆ ಫೋಟೊ ತೆಗೆದು ಆಲ್ಬಮ್ಮಿಗೆ ಸೇರಿಸಿದೆ. ಹುಡುಗಿಯ ಚಿಕ್ಕಪ್ಪ ಪುಟ ತಿರುಗಿಸಿ, "ಯಾರೂ ಇಲ್ಲದ ಫೋಟೊಗೂ ದುಡ್ಡು ಹಾಕಿದ್ದೀರಾ?" ಅಂದರು. ತೆಗೆದೆ. ಈಗ ಅಂಥವನ್ನು ಸುಮ್ನೆ ಪೆನ್‌ಡ್ರೈವ್‌ನಲ್ಲಿ ಹಾಕಿ ಕೊಡುತ್ತೇನೆ, ಬಿಲ್ಲಿಗೆ ಸೇರಿಸುವುದಿಲ್ಲ.

ಅದೇ ಚಿತ್ರದಲ್ಲಿ ಕ್ಯೋಟೊದ ವಸತಿಗೃಹದ ರಾತ್ರಿ ಇದೆ. ಮಲಗಿದ ಮಗಳು ನಗುತ್ತಿದ್ದಾಳೆ. ಕಟ್ ಆಗಿ ಒಂದು ಹೂದಾನಿ. ಮತ್ತೆ ಅವಳ ಮುಖಕ್ಕೆ ಬಂದರೆ ಅಳು ಬರುವ ಹಾಗಿದೆ. ಮತ್ತೆ ಹೂದಾನಿ. ಆ ಹೂದಾನಿ ಯಾಕೆ ಅಂತ ವಿದ್ವಾಂಸರು ಪುಟಗಟ್ಟಲೆ ಜಗಳವಾಡಿದ್ದಾರೆ. ನಮ್ಮ ಗುಂಪಿನಲ್ಲೂ ಆಯಿತು. ನನ್ನ ಜೊತೆ ಡ್ರೋನ್ ಹಾರಿಸುವ ಹುಡುಗ, "ಅವಳು ಮುಖ ಬದಲಾಯಿಸಿಕೊಳ್ಳಲಿ ಅಂತ ನಾವು ಆ ಕಡೆ ನೋಡ್ತೀವಿ, ಅಷ್ಟೇ ಅಣ್ಣ" ಅಂದ. ನಾನು ಓದಿದ ವಿವರಣೆಗಳಿಗಿಂತ ನನಗೆ ಅದೇ ಹಿಡಿಸಿತು.

1959ರ ಫ್ಲೋಟಿಂಗ್ ವೀಡ್ಸ್ ನಮ್ಮ ಕಡೆಯವರಿಗೆ ವಿವರಣೆಯೇ ಬೇಡ. ಊರೂರು ಸುತ್ತುವ ನಾಟಕ ಕಂಪನಿಯ ಕಥೆ. ಇದಕ್ಕೆ ಕ್ಯಾಮೆರಾ ಹಿಡಿದವರು ಅತ್ಸುತಾ ಅಲ್ಲ, ಕಜುವೊ ಮಿಯಾಗಾವಾ. ಸುರಿವ ಮಳೆಯಲ್ಲಿ ಬೀದಿಯ ಆ ಕಡೆ ಕಂಪನಿ ಯಜಮಾನ, ಈ ಕಡೆ ಅವನ ನಟಿ, ನಡುವೆ ನೀರು. ಇಬ್ಬರೂ ಬೈದಾಡಿಕೊಳ್ಳುತ್ತಾರೆ, ಯಾರೂ ಬೀದಿ ದಾಟುವುದಿಲ್ಲ. ವೀರಣ್ಣನವರ ಕಂಪನಿಯ ನಾಟಕ ನೋಡಿ ಬೆಳೆದ ಗುಬ್ಬಿಯ ನನ್ನ ಸೋದರಮಾವ, ಕಂಪನಿ ಮುಳುಗಿ ಸಾಮಾನು ಮಾರುವ ದೃಶ್ಯ ಬಂದಾಗ, "ಕಲೆಕ್ಷನ್ ಬಿದ್ದರೆ ಕ್ಯಾಂಪ್ ಹಿಂಗೇ ಎದ್ದೋಗೋದು" ಅಂದರು.

ಇಷ್ಟಾದ ಮೇಲೆ ಟೋಕಿಯೊ ಸ್ಟೋರಿ ಹಾಕಿದರೆ ಯಾರೂ ಏಳುವುದಿಲ್ಲ. ದೂರದ ಒನೊಮಿಚಿ ಊರಿನಿಂದ ಟೋಕಿಯೊದ ಮಕ್ಕಳ ಮನೆಗೆ ಬಂದ ಮುದುಕ ಮುದುಕಿಯನ್ನು ಆ ಮಕ್ಕಳೇ ಖರ್ಚು ಕೊಟ್ಟು ಬಿಸಿನೀರ ಬುಗ್ಗೆಗಳ ಪ್ರವಾಸಿ ಊರು ಅತಾಮಿಗೆ ಸಾಗಹಾಕುವಾಗ ನಮ್ಮ ರೂಮಿನಲ್ಲಿ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಆ ಮುದುಕನ ಪಾತ್ರ ಮಾಡಿದಾಗ ರ್ಯೂಗೆ ಐವತ್ತೂ ತುಂಬಿರಲಿಲ್ಲ ಅಂದರೆ ಯಾರೂ ನಂಬಲ್ಲ.

ಈಗ ನಾನು ಹಿಂದಕ್ಕೆ, ಮೂಕಿ ಚಿತ್ರಗಳಿಗೆ ಹೋಗಿದ್ದೇನೆ. 1932ರ ಐ ವಾಸ್ ಬಾರ್ನ್ ಬಟ್‌ನಲ್ಲಿ ಇಬ್ಬರು ಹುಡುಗರು ಅಪ್ಪನ ಬಾಸ್ ಮನೆಯಲ್ಲಿ ಹೋಮ್ ಮೂವಿ ನೋಡುತ್ತಾರೆ. ಅದರಲ್ಲಿ ಅವರಪ್ಪ ಬಾಸ್ ನಗಲಿ ಅಂತ ಕೋಡಂಗಿ ಆಟ ಆಡುತ್ತಿರುತ್ತಾನೆ. ಹುಡುಗರು ಊಟ ಬಿಡುತ್ತಾರೆ. ನಾನು ತೆಗೆಯುವ ರಿಸೆಪ್ಷನ್ ವಿಡಿಯೋಗಳಲ್ಲೂ ಓನರ್ ಎದುರು ಕುಣಿಯುವ ಅಪ್ಪಂದಿರು ಸಿಗುತ್ತಾರೆ. ಎಡಿಟ್ ಮಾಡುವಾಗ ಆ ಕ್ಲಿಪ್ ಇಡಬೇಕಾ ತೆಗೀಬೇಕಾ ಅಂತ ಈಗ ಕೈ ತಡೆಯುತ್ತದೆ. ಸಾಮಾನ್ಯವಾಗಿ ಇಟ್ಟುಬಿಡುತ್ತೇನೆ. ಓನರ್ ಮನೆಯವರೇ ಕೇಳಿ ಹಾಕಿಸಿಕೊಳ್ಳುತ್ತಾರೆ.