ತೋಟದ ಜಿಪ್ಸಿಯನ್ನು ಲೇಹ್‌ಗೆ ರೆಡಿ ಮಾಡಿದ್ದು ಹೀಗೆ

ನಮ್ಮ ಮಾರುತಿ ಜಿಪ್ಸಿ ಜೀಪು 2012ರದ್ದು. ಹತ್ತು ವರ್ಷ ಸಕಲೇಶಪುರದ ತೋಟದಲ್ಲಿ ಗೊಬ್ಬರದ ಚೀಲ ಹೊತ್ತ ಗಾಡಿ. ಅದರಲ್ಲೇ ಲಡಾಖ್‌ನ ಲೇಹ್‌ಗೆ ಹೋಗುತ್ತೇನೆ ಅಂದಾಗ ಮನೆಯಲ್ಲಿ ನಕ್ಕರು. 2022ರ ಸೆಪ್ಟೆಂಬರ್‌ನಲ್ಲಿ ನಾನು, ಭಾವ ಇಬ್ಬರೂ ಹೋಗಿ ಬಂದೆವು.

ಮೊದಲಿಗೆ ನನ್ನ ಪಟ್ಟಿಯಲ್ಲಿ ಇದ್ದದ್ದು ವಿಂಚ್ (ಸಿಕ್ಕಿಬಿದ್ದ ಗಾಡಿ ಎಳೆಯುವ ಮೋಟಾರು ಹಗ್ಗ), ಲೈಟ್ ಬಾರ್, ರೂಫ್ ಮೇಲೊಂದು ಟೆಂಟ್. ಹಾಸನದ ಮೆಕ್ಯಾನಿಕ್ ಅಣ್ಣ ಪಟ್ಟಿ ನೋಡಿ, "ಅದಿರಲಿ ಸಾರ್, ಮೊದಲು ಎಪ್ಪತ್ತರಲ್ಲಿ ಓಡಿಸಿ ತೋರಿಸಿ" ಅಂದರು. ಬೈಪಾಸ್‌ಗೆ ಕರ್ಕೊಂಡು ಹೋದೆ. ಎಪ್ಪತ್ತಕ್ಕೆ ಬಂದು ಒಂದು ಸಣ್ಣ ಗುಂಡಿ ಹಾರಿದ್ದೇ ತಡ, ಸ್ಟೀರಿಂಗ್ ಎರಡೂ ಕಡೆ ಹೊಡೆದುಕೊಳ್ಳೋಕೆ ಶುರುವಾಯ್ತು, ನಲವತ್ತಕ್ಕೆ ಇಳಿಸೋವರೆಗೂ ನಿಲ್ಲಲಿಲ್ಲ. ತೋಟದ ರಸ್ತೆಯಲ್ಲಿ ಯಾರು ಎಪ್ಪತ್ತು ಹೋಗ್ತಾರೆ? ಅದಕ್ಕೇ ಇಷ್ಟು ವರ್ಷ ಗೊತ್ತೇ ಆಗಿರಲಿಲ್ಲ.

ಇದಕ್ಕೆ ಜಾಸ್ತಿ ಜನ ಹೊಸ ಸ್ಟೀರಿಂಗ್ ಡ್ಯಾಂಪರ್ (ಸ್ಟೀರಿಂಗಿನ ಅಲುಗಾಟ ತಡೆಯುವ ಶಾಕ್ ಅಬ್ಸಾರ್ಬರ್) ಹಾಕಿಸಿ ಸುಮ್ಮನಾಗುತ್ತಾರೆ. ಅದು ರೋಗ ಮುಚ್ಚಿಡುವ ಕೆಲಸ, ಅಷ್ಟೆ. ಅಣ್ಣ ಮುಂದಿನ ಚಕ್ರ ಜಾಕಿ ಹಾಕಿ ಎತ್ತಿದರು. ಟೈರಿನ ಮೇಲೊಂದು ಕೈ, ಕೆಳಗೊಂದು ಕೈ ಇಟ್ಟು ಅಲ್ಲಾಡಿಸಿದರು. ಟಕ್ ಟಕ್ ಅಂತ ಪ್ಲೇ, ಅಂದರೆ ಸಡಿಲ, ಇತ್ತು. ನನಗೆ ಬ್ರೇಕ್ ಒತ್ತಿ ಹಿಡಿಯೋಕೆ ಹೇಳಿ ಮತ್ತೆ ಅಲ್ಲಾಡಿಸಿದರು. ಬ್ರೇಕ್ ಒತ್ತಿದಾಗ ಪ್ಲೇ ಹೋದರೆ ತೊಂದರೆ ವೀಲ್ ಬೇರಿಂಗಿನದು, ಹೋಗದಿದ್ದರೆ ಕಿಂಗ್‌ಪಿನ್‌ದು, ಅಂದರೆ ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಗೂಟದ್ದು. ನಮ್ಮದು ಹೋಗಲಿಲ್ಲ. ಆ ಗೂಟ ಕೂರುವ ಗೆಣ್ಣು, ಅಂದರೆ ಸ್ಟೀರಿಂಗ್ ನಕಲ್, ಬಿಚ್ಚಿ ನೋಡಿದರೆ ಸೀಲ್ ಹರಿದು ನೀರು ಒಳಗೆ ಹೋಗಿ, ಗ್ರೀಸ್ ಇರಬೇಕಾದ ಕಡೆ ಕಾಫಿ ಚರಟದಂಥ ಕೆಸರು! ಬೇರಿಂಗ್ ಕಪ್ಪಿನ ಮೇಲೆ ರೋಲರ್‌ಗಳ ಅಚ್ಚು ಗೀರು ಗೀರಾಗಿ ಬಿದ್ದಿತ್ತು. ನಾಲ್ಕು ಬೇರಿಂಗ್, ಎರಡೂ ಕಡೆ ಸೀಲ್ ಬದಲಾಯಿಸಿ, ಸ್ಪ್ರಿಂಗ್ ತಕ್ಕಡಿ ಕೊಕ್ಕೆ ಹಾಕಿ ಬಿಗಿ ಎಷ್ಟಿದೆ ಅಂತ ಎಳೆದು ನೋಡುತ್ತಾ ಶಿಮ್ (ತೆಳ್ಳನೆ ಲೋಹದ ಬಿಲ್ಲೆ) ಹೊಂದಿಸಿದರು. ಇಡೀ ದಿನದ ಕೆಲಸ. ಆಮೇಲೆ ಆ ಅಲುಗಾಟ ಮತ್ತೆ ಬರಲೇ ಇಲ್ಲ.

ಎರಡನೇ ಸಲ ಮರ್ಯಾದೆ ಹೋಗಿದ್ದು ಚಕ್ರದ ನಡುವಿನ ಹಬ್‌ನಲ್ಲಿ. ಜಿಪ್ಸಿಯಲ್ಲಿ ನಾಲ್ಕೂ ಚಕ್ರ ಎಳೆಯೋಕೆ ಫೋರ್ ವೀಲ್ ಲಿವರ್ ಹಾಕಿದರೆ ಸಾಲದು, ಇಳಿದು ಮುಂದಿನ ಎರಡೂ ಚಕ್ರದ ಹಬ್ಬನ್ನು ಕೈಯಲ್ಲಿ ತಿರುಗಿಸಿ ಲಾಕ್ ಮಾಡಬೇಕು. ಎಡಗಡೆಯದು ತುಕ್ಕು ಹಿಡಿದು ತಿರುಗುತ್ತಲೇ ಇರಲಿಲ್ಲ. ಅಂದರೆ ಎಷ್ಟೋ ಮಳೆಗಾಲ ನಾನು ಫೋರ್ ವೀಲ್ ಅಂದುಕೊಂಡು ಓಡಿಸಿದ್ದು ಬರೀ ಹಿಂದಿನ ಎರಡು ಚಕ್ರದಲ್ಲಿ! ಬಿಚ್ಚಿ, ತೊಳೆದು, ತೆಳ್ಳಗೆ ಗ್ರೀಸ್ ಹಚ್ಚಿ ಕೂರಿಸಿದೆ. ಜಾಸ್ತಿ ಮೆತ್ತಬಾರದು, ಚಳಿಗೆ ಅದೇ ಗಟ್ಟಿಯಾಗಿ ಹಿಡಿಯುತ್ತೆ.

ಟೈರು 215/75 ಆರ್15 ಎಟಿ (ಟಾರು, ಮಣ್ಣು ಎರಡಕ್ಕೂ ಆಗುವಂಥದ್ದು) ಹಾಕಿಸಿದೆ. ಕಂಪನಿ ಸೈಜು 205/70. ಹೊಸದರ ಸುತ್ತಳತೆ ಶೇಕಡ 5ರಷ್ಟು ದೊಡ್ಡದು, ಹಾಗಾಗಿ ಮೀಟರ್ 100 ತೋರಿಸಿದರೆ ನಿಜಕ್ಕೂ 105 ಓಡಿರುತ್ತೆ. ಡಿಫರೆನ್ಶಿಯಲ್ (ಆಕ್ಸಲ್ ನಡುವಿನ ಗೇರ್ ಡಬ್ಬಿ) ಬ್ರೀದರ್‌ಗೆ, ಅಂದರೆ ಅದರ ಗಾಳಿ ತೂತಿಗೆ, ಪೈಪ್ ಸಿಕ್ಕಿಸಿ ಬಾನೆಟ್ ಒಳಗೆ ತಂದು ಕಟ್ಟಿದೆ. ಬಿಸಿಯಾದ ಡಿಫರೆನ್ಶಿಯಲ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಸೀಲ್ ಸಂದಿಯಿಂದ ನೀರು ಎಳೆದುಕೊಳ್ಳುತ್ತೆ, ಅದಕ್ಕೆ.

ಪೆಟ್ರೋಲ್ ಲೆಕ್ಕ ಮಾತ್ರ ತುಂಬಾ ತಲೆ ತಿಂದಿತು. ಟ್ಯಾಂಕ್ 40 ಲೀಟರ್. ಪೂರ್ತಿ ಲೋಡ್ ಹಾಕಿ ಶಿರಾಡಿ ಘಾಟಿ ಹತ್ತಿ ಇಳಿದಾಗ ಸಿಕ್ಕಿದ್ದು ಲೀಟರಿಗೆ 9. ಅಂದರೆ 360 ಕಿ.ಮೀ. ಮನಾಲಿ ದಾಟಿದ ಮೇಲೆ ಟಾಂಡಿ ಬಂಕಿನ ಬೋರ್ಡಿನಲ್ಲಿ ಬರೆದಿದ್ದದ್ದು, ಮುಂದಿನ ಬಂಕ್ 365 ಕಿ.ಮೀ.! ಹಾಗಾಗಿ 20 ಲೀಟರಿನ ಕಬ್ಬಿಣದ ಜೆರ್ರಿ ಕ್ಯಾನ್ ತಗೊಂಡು ಹಿಂದೆ ಹೊರಗಡೆ ಕಟ್ಟಿಸಿದೆ. ಊರಿಂದ ತುಂಬಿಸಿಕೊಂಡು ಹೋಗುವ ದಡ್ಡತನ ಮಾಡಲಿಲ್ಲ, ಟಾಂಡಿಯಲ್ಲೇ ತುಂಬಿಸಿದ್ದು. ಬಾಯಿವರೆಗೆ ತುಂಬಿಸಬೇಡಿ. ಎತ್ತರಕ್ಕೆ ಹೋದ ಹಾಗೆ ಹೊರಗಿನ ಒತ್ತಡ ಕಡಿಮೆಯಾಗಿ ಕ್ಯಾನ್ ಉಬ್ಬುತ್ತೆ, ಮುಚ್ಚಳ ಒಂದೇ ಸಲ ತೆಗೆದರೆ ಮುಖಕ್ಕೆ ಹೊಡೆಯುತ್ತೆ.

ಭಾರ ಕಡಿಮೆ ಮಾಡೋಕೆ ವಿಂಚ್, ಟೆಂಟ್ ಎರಡನ್ನೂ ಕೈಬಿಟ್ಟೆ. ಟರ್ಬೊ ಇಲ್ಲದ ಪೆಟ್ರೋಲ್ ಇಂಜಿನ್ ಪ್ರತಿ ಸಾವಿರ ಮೀಟರಿಗೆ ಹೆಚ್ಚುಕಮ್ಮಿ ಶೇಕಡ 10 ಶಕ್ತಿ ಕಳೆದುಕೊಳ್ಳುತ್ತೆ. ಐದು ಸಾವಿರ ಮೀಟರ್ ಮೇಲೆ ಎಷ್ಟು ಉಳಿಯುತ್ತೆ ಅಂತ ನೀವೇ ನೋಡಿ. ಹಿಂದಿನ ಸೀಟು ಕೂಡ ಬಿಚ್ಚಿ ಮನೆಯಲ್ಲೇ ಇಟ್ಟೆ. ಭಾವ ಮಾತ್ರ ಐದು ಕೆಜಿ ಅವಲಕ್ಕಿ ಬಿಡಲಿಲ್ಲ, ಇರಲಿ.

ಕೊನೆಗೆ ಒಂದು ಉಪಾಯ. ಲೇಹ್ ದಾರಿಯ ಎತ್ತರದ ಘಟ್ಟ ತಂಗ್ಲಾಂಗ್ ಲಾ ಹತ್ತುವಾಗ ಒಂದನೇ ಗೇರಿನಲ್ಲೂ ಗಾಡಿ ಒದ್ದಾಡಿತು, ರಸ್ತೆ ನೋಡಿದರೆ ಒಣ ಟಾರು. ಟಾರಿನ ಮೇಲೆ ಫೋರ್ ವೀಲ್ ಹಾಕಿದರೆ ತಿರುವಿನಲ್ಲಿ ಆಕ್ಸಲ್ ಬಿಗಿದುಕೊಳ್ಳುತ್ತೆ. ನಾನು ಹಬ್ ಎರಡನ್ನೂ ಫ್ರೀಯಲ್ಲೇ ಬಿಟ್ಟು ಲಿವರ್ ಮಾತ್ರ 4ಎಲ್‌ಗೆ (ಫೋರ್ ವೀಲ್ ಲೋ) ಹಾಕಿದೆ. ಎಳೆಯೋದು ಹಿಂದಿನ ಚಕ್ರ ಮಾತ್ರ, ಆದರೆ ಲೋ ಗೇರ್ ಸಿಗುತ್ತೆ. ಎಳೆತದ ಭಾರವೆಲ್ಲ ಹಿಂದಿನ ಆಕ್ಸಲ್ ಮೇಲೇ ಬೀಳುವುದರಿಂದ ಆಕ್ಸಿಲರೇಟರ್ ಮೇಲೆ ಕಾಲು ಮೆತ್ತಗಿರಬೇಕು, ಅಷ್ಟೇ. ಎರಡನೇ ಗೇರಿನಲ್ಲಿ, ತೋಟದ ದಿಣ್ಣೆ ಹತ್ತಿದ ಹಾಗೆ ಹತ್ತಿತು.