ಸಮಯ ಮಿತಿಯ ಗಣಿತ ಪರೀಕ್ಷೆ: ಗಾಬರಿಯನ್ನೂ ಕಣ್ತಪ್ಪನ್ನೂ ಹತೋಟಿಗೆ ತರುವುದು ಹೇಗೆ?

ಬರುವ ಲೆಕ್ಕವನ್ನೇ ತಪ್ಪು ಮಾಡಿ ಬಂದವರಿಗೆ ಎಲ್ಲರೂ ಹೇಳುವ ಮಾತು ಒಂದೇ: ಇನ್ನೂ ಗಮನ ಕೊಡು. ಎಲ್ಲಿ ಗಮನ ಕೊಡಬೇಕು ಎಂದು ಹೇಳದ ಮೇಲೆ ಆ ಮಾತಿನಿಂದ ಏನೂ ಉಪಯೋಗವಿಲ್ಲ. ಕಣ್ತಪ್ಪುಗಳು ಎಲ್ಲೆಂದರಲ್ಲಿ ಆಗುವುದಿಲ್ಲ. ಒಬ್ಬೊಬ್ಬರಿಗೂ ಒಂದೆರಡು ಖಾಯಂ ಜಾಗಗಳಿರುತ್ತವೆ. ಅವು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಹಾಗಾಗಿ ಮೊದಲ ಕೆಲಸ ಪರೀಕ್ಷೆಗೂ ಮುಂಚಿನದು. ಹಳೆಯ ಮೂರು-ನಾಲ್ಕು ಉತ್ತರ ಪತ್ರಿಕೆಗಳನ್ನು ತೆಗೆದು, ಅಂಕ ಹೋದ ಪ್ರತಿ ಲೆಕ್ಕದ ಪಕ್ಕದಲ್ಲೂ ಕಾರಣ ಬರೆಯಿರಿ: ಚಿಹ್ನೆ ತಪ್ಪಿತು, ಪ್ರಶ್ನೆಯಿಂದ ಸಂಖ್ಯೆ ಇಳಿಸಿಕೊಳ್ಳುವಾಗ ಬದಲಾಯಿತು, ಗುಣಾಕಾರ ತಪ್ಪಿತು, ಸೆಂಟಿಮೀಟರ್ ಮೀಟರ್ ಆಗಲಿಲ್ಲ, ಕೇಳಿದ್ದೇ ಬೇರೆ. ವಿಧಾನವೇ ಗೊತ್ತಿಲ್ಲದ್ದನ್ನು ಈ ಪಟ್ಟಿಗೆ ಸೇರಿಸಬೇಡಿ. ಅದಕ್ಕೆ ಓದೇ ಮದ್ದು. ಹೆಚ್ಚು ಸಲ ಬಂದ ಎರಡು ಕಾರಣಗಳೇ ನಿಮ್ಮ ತಪಾಸಣೆಯ ಪಟ್ಟಿ. ಹತ್ತು ಅಂಶಗಳ ಪಟ್ಟಿ ಇಟ್ಟುಕೊಂಡರೆ ಪರೀಕ್ಷೆಯಲ್ಲಿ ಒಂದೂ ನೆನಪಾಗುವುದಿಲ್ಲ.

ಗಾಬರಿಗೂ ಈ ತಪ್ಪುಗಳಿಗೂ ನೇರ ನಂಟಿದೆ. ಕೂಡುವಾಗ ಕೈಯಲ್ಲಿಟ್ಟುಕೊಂಡ ದಶಕ, ಚಿಹ್ನೆ, ಮುಂದಿನ ಹೆಜ್ಜೆ ಇವನ್ನೆಲ್ಲ ಒಮ್ಮೆಗೇ ಹಿಡಿದಿಡುವ ತಾತ್ಕಾಲಿಕ ನೆನಪಿನಲ್ಲಿ ಜಾಗ ಬಹಳ ಕಡಿಮೆ. "ಸಮಯ ಸಾಲದು" ಎಂಬ ಚಿಂತೆಯೂ ಅಲ್ಲೇ ಬಂದು ಕೂರುತ್ತದೆ. ಮನೆಯಲ್ಲಿ ಸರಾಗವಾಗಿ ಬಂದ ಲೆಕ್ಕ ಪರೀಕ್ಷೆಯಲ್ಲಿ ಕೈಕೊಡುವುದು ಇದರಿಂದ. ಪರೀಕ್ಷೆಗೆ ಮುಂಚೆ 10 ನಿಮಿಷ ತಮ್ಮ ಆತಂಕವನ್ನು ಮುಚ್ಚುಮರೆಯಿಲ್ಲದೆ ಬರೆದ ವಿದ್ಯಾರ್ಥಿಗಳ ಫಲಿತಾಂಶ ಸುಧಾರಿಸಿದ್ದನ್ನು ಮನೋವಿಜ್ಞಾನಿಗಳಾದ ಗೆರಾರ್ಡೊ ರಾಮಿರೆಜ್ ಮತ್ತು ಸಿಯಾನ್ ಬೈಲಾಕ್ 2011ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ವರದಿ ಮಾಡಿದರು. ಬರೆದದ್ದನ್ನು ಯಾರಿಗೂ ತೋರಿಸಬೇಕಿಲ್ಲ, ಹರಿದು ಹಾಕಬಹುದು.

ಸಮಯದ ಲೆಕ್ಕವನ್ನೂ ಮೊದಲೇ ಮಾಡಿಟ್ಟರೆ ಆ ಚಿಂತೆಗೆ ಅಲ್ಲಿ ಕೆಲಸವಿರುವುದಿಲ್ಲ. 60 ನಿಮಿಷ, ಸಮಾನ ಅಂಕಗಳ 30 ಪ್ರಶ್ನೆ ಎಂದುಕೊಳ್ಳಿ. ಕೊನೆಯ ತಪಾಸಣೆಗೆ 6 ನಿಮಿಷ ತೆಗೆದಿಟ್ಟರೆ ಒಂದು ಪ್ರಶ್ನೆಗೆ 1 ನಿಮಿಷ 48 ಸೆಕೆಂಡು. ಅಂದರೆ 15 ನಿಮಿಷಕ್ಕೆ 8, 30ಕ್ಕೆ 16, 45ಕ್ಕೆ 25 ಪ್ರಶ್ನೆ. ಗಡಿಯಾರವನ್ನು ಈ ಮೂರು ಕಡೆ ನೋಡಿದರೆ ಸಾಕು. ಪ್ರತಿ ಲೆಕ್ಕದ ನಂತರ ನೋಡುವುದು ಗಾಬರಿಯನ್ನು ಬೆಳೆಸುತ್ತದೆ. ಅರ್ಧ ನಿಮಿಷದಲ್ಲಿ ದಾರಿ ಹೊಳೆಯದ ಪ್ರಶ್ನೆಗೆ ಗುರುತು ಹಾಕಿ ಮುಂದೆ ಹೋಗಿ. ಉತ್ತರದ ವೃತ್ತ ತುಂಬುವ ಓಎಂಆರ್ ಹಾಳೆ ಇದ್ದರೆ ಇಲ್ಲಿ ಎಚ್ಚರ ಬೇಕು: ಬಿಟ್ಟ ಪ್ರಶ್ನೆಯ ಸಾಲಿನಲ್ಲಿ ಮುಂದಿನದರ ಉತ್ತರ ತುಂಬಿಬಿಟ್ಟರೆ ಅಲ್ಲಿಂದಾಚೆಗೆ ಎಲ್ಲವೂ ಒಂದು ಸಾಲು ಜರುಗುತ್ತವೆ. ವೃತ್ತ ತುಂಬುವಾಗ ಪ್ರತಿ ಸಲವೂ ಪ್ರಶ್ನೆ ಸಂಖ್ಯೆಯನ್ನು ಮನಸ್ಸಿನಲ್ಲೇ ಹೇಳಿಕೊಳ್ಳಿ.

ಲೆಕ್ಕ ಶುರು ಮಾಡುವ ಮುನ್ನ, ಕೇಳಿದ್ದೇನು ಎಂಬ ಭಾಗಕ್ಕೆ ಗೆರೆ ಎಳೆಯಿರಿ. ತ್ರಿಜ್ಯ ಸಿಕ್ಕ ಖುಷಿಯಲ್ಲಿ ವ್ಯಾಸ ಕೇಳಿದ್ದನ್ನು ಮರೆಯುವವರು ಬಹಳ. ಒಂದು ಸಾಲಿನಲ್ಲಿ ಒಂದೇ ಬದಲಾವಣೆ ಮಾಡಿ. ಎರಡು ಹೆಜ್ಜೆಗಳನ್ನು ತಲೆಯಲ್ಲೇ ಮಾಡಿದರೆ ಉಳಿಯುವುದು ಮೂರು-ನಾಲ್ಕು ಸೆಕೆಂಡು, ತಪ್ಪು ಹುಡುಕಲು ಹೋಗುವುದು ಎರಡು ನಿಮಿಷ. ರಫ್ ಲೆಕ್ಕಕ್ಕೂ ಪ್ರಶ್ನೆ ಸಂಖ್ಯೆ ಹಾಕಿ. 1 ಮತ್ತು 7 ಬೇರೆಬೇರೆಯಾಗಿ ಕಾಣುವಂತೆ ಬರೆಯಿರಿ.

ಹೆಚ್ಚು ಅಂಕ ತಿನ್ನುವುದು ಆವರಣದ ಮುಂದಿನ ಋಣ ಚಿಹ್ನೆ. 8 − (ಎಕ್ಸ್ − 3) ಬಿಡಿಸಿದರೆ 11 − ಎಕ್ಸ್. ಅವಸರದಲ್ಲಿ ಒಳಗಿನ 3ರ ಚಿಹ್ನೆ ಬದಲಾಯಿಸಲು ಮರೆತರೆ 5 − ಎಕ್ಸ್. ಸಂಶಯ ಬಂದರೆ ಎಕ್ಸ್ ಜಾಗದಲ್ಲಿ 2 ಹಾಕಿ ನೋಡಿ: ಮೂಲದಲ್ಲಿ 9, ಸರಿ ಉತ್ತರದಲ್ಲೂ 9, ತಪ್ಪಿನಲ್ಲಿ 3. ಈ ತಪಾಸಣೆಗೆ 0 ಅಥವಾ 1 ಬಳಸಬೇಡಿ. ಅವುಗಳ ವರ್ಗವೂ ಘನವೂ ಅವೇ ಆಗಿರುವುದರಿಂದ ಘಾತದ ತಪ್ಪು ಅಡಗಿಕೊಳ್ಳುತ್ತದೆ. ಅಸಮತೆಯನ್ನು ಋಣ ಸಂಖ್ಯೆಯಿಂದ ಭಾಗಿಸಿದಾಗ ಚಿಹ್ನೆ ತಿರುಗಿಸುವುದನ್ನೂ, −3²ಕ್ಕೂ (−3)²ಕ್ಕೂ ಇರುವ ವ್ಯತ್ಯಾಸವನ್ನೂ ಇದೇ ಗುಂಪಿಗೆ ಸೇರಿಸಿ. ಮೊದಲನೆಯದು −9, ಎರಡನೆಯದು 9.

ಗುಣಾಕಾರಕ್ಕೆ ಎರಡು ತಪಾಸಣೆ ಜೊತೆಯಾಗಿರಲಿ. 347 × 28 = 9716 ಬಂತು ಎನ್ನಿ. ಒಂಬತ್ತು ಕಳೆಯುವ ವಿಧಾನದಲ್ಲಿ ಅಂಕಿಗಳನ್ನು ಒಂದೇ ಅಂಕಿ ಉಳಿಯುವವರೆಗೆ ಕೂಡಿ: 347ಕ್ಕೆ 5, 28ಕ್ಕೆ 1, ಗುಣಲಬ್ಧ 5, 9716ಕ್ಕೂ 5. ಆದರೆ ಅಂಕಿ ಅದಲುಬದಲಾಗಿ 9176 ಎಂದು ಬರೆದಿದ್ದರೂ 5 ಬರುತ್ತದೆ, ಈ ವಿಧಾನಕ್ಕೆ ಅದು ಕಾಣುವುದಿಲ್ಲ. ಅದನ್ನು ಹಿಡಿಯುವುದು ಅಂದಾಜು: 350 × 28 = 9800, ಉತ್ತರ ಅದಕ್ಕಿಂತ 3 × 28, ಅಂದರೆ 84 ಮಾತ್ರ ಕಡಿಮೆ ಇರಬೇಕು.

ನಡುವೆ ತಲೆ ಖಾಲಿಯಾದಂತೆ ಅನಿಸಿದರೆ ಪೆನ್ನು ಕೆಳಗಿಡಿ. 4 ಸೆಕೆಂಡು ಉಸಿರು ಒಳಗೆ, 6 ಸೆಕೆಂಡು ಹೊರಗೆ, ಐದು ಸಲ. ನಿಧಾನವಾಗಿ ಉಸಿರು ಬಿಡುವಾಗ ಹೃದಯ ಬಡಿತ ಇಳಿಯುತ್ತದೆ. ಒಟ್ಟು 50 ಸೆಕೆಂಡು, ಒಂದು ಪ್ರಶ್ನೆಯ ಪಾಲಿಗಿಂತ ಕಡಿಮೆ. ನಂತರ ಬಿಟ್ಟ ಲೆಕ್ಕಕ್ಕೇ ಮರಳದೆ ಸುಲಭವಾದ ಒಂದನ್ನು ಮುಗಿಸಿ.

ಕೊನೆಯ 6 ನಿಮಿಷದಲ್ಲಿ ಎಲ್ಲವನ್ನೂ ಮೇಲಿಂದ ಓದಬೇಡಿ; ಕಣ್ಣು ತಾನು ಬರೆದದ್ದನ್ನೇ ಸರಿ ಎಂದು ಓದಿಕೊಂಡು ಹೋಗುತ್ತದೆ. ಮೊದಲು ಖಾಲಿ ಬಿಟ್ಟಿರುವವು, ಆಮೇಲೆ ನಿಮ್ಮ ಪಟ್ಟಿಯ ಎರಡು ಜಾಗಗಳು. ಸಮೀಕರಣವಾದರೆ ಉತ್ತರವನ್ನು ಮೂಲ ಪ್ರಶ್ನೆಗೇ ಹಾಕಿ ನೋಡಿ, ನಿಮ್ಮ ಎರಡನೇ ಸಾಲಿಗಲ್ಲ. ಇಳಿಸಿಕೊಂಡಾಗಲೇ ತಪ್ಪಾಗಿದ್ದರೆ ಆ ಸಾಲಿಗೆ ಅದು ಸರಿಹೊಂದಿಬಿಡುತ್ತದೆ. ಯಾವ ಸಾಲಿನಲ್ಲಿ ತಪ್ಪಾಗಿದೆ ಎಂದು ಬೆರಳಿಟ್ಟು ತೋರಿಸಲು ಸಾಧ್ಯವಾದರೆ ಉತ್ತರ ಬದಲಾಯಿಸಿ. ಬರೀ ಅಳುಕು ಮಾತ್ರ ಇದ್ದರೆ ಹೊಡೆದುಹಾಕಬೇಡಿ.